ದೂರದ ಪರದೆ, ಹಳೆಯ ಗಣಕ: ವಿಎಂಎಸ್ ಡೆಸ್ಕ್‌ಟಾಪಿನ ಮರುದರ್ಶನ ಮತ್ತು ಸಂರಕ್ಷಣೆಯ ಪ್ರಶ್ನೆಗಳು

ಸಂರಕ್ಷಣೆ ಎಂದಾಗ ನಮ್ಮ ಮನಸ್ಸಿನಲ್ಲಿ ಮೊದಲು ಮೂಡುವುದು ಒಂದು ವಸ್ತುವಿನ ಚಿತ್ರ. ತಾಳೆಗರಿ, ಕೈಬರಹದ ಕಡತ, ಧ್ವನಿಸುರುಳಿ, ಛಾಯಾಚಿತ್ರ ಇವೆಲ್ಲವೂ ಕೈಗೆ ಸಿಗುವ ವಸ್ತುಗಳು. ಹುಳು, ತೇವ, ಬೆಂಕಿಗಳಿಂದ ಅವನ್ನು ಕಾಪಾಡಿದರೆ ಮುಂದಿನ ತಲೆಮಾರಿಗೆ ಅವು ದೊರೆಯುತ್ತವೆ ಎಂಬ ನಂಬಿಕೆಯ ಮೇಲೆ ನಮ್ಮ ಗ್ರಂಥಾಲಯಗಳೂ ಸಂಗ್ರಹಾಲಯಗಳೂ ನಿಂತಿವೆ. ಗಣಕಯಂತ್ರದಲ್ಲಿ ರೂಪುಗೊಂಡ ಸಾಮಗ್ರಿಗೆ ಈ ತಿಳಿವಳಿಕೆ ಸಾಲದು. ಕಡತ ಸುರಕ್ಷಿತವಾಗಿದ್ದರೂ ಅದನ್ನು ತೆರೆದು ತೋರಿಸುತ್ತಿದ್ದ ವ್ಯವಸ್ಥೆ ಇಲ್ಲವಾದರೆ ಉಳಿಯುವುದು ಅಂಕಿಗಳ ರಾಶಿ ಮಾತ್ರ.

ಇದು ನನಗೆ ಅನುಭವದಿಂದ ತಿಳಿದ ಸಂಗತಿ. ಸಂಶೋಧನೆಯ ದಿನಗಳಲ್ಲಿ ಯೂನಿಕೋಡ್ ಪೂರ್ವದ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹಲವು ವರ್ಷಗಳ ನಂತರ ಹೊಸ ಗಣಕದಲ್ಲಿ ತೆರೆದಾಗ, ಪದಗಳ ಜಾಗದಲ್ಲಿ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಂಡವು. ಕಡತ ಕೆಟ್ಟಿರಲಿಲ್ಲ, ಒಂದು ಅಂಕಿಯೂ ಬದಲಾಗಿರಲಿಲ್ಲ. ಅಕ್ಷರದ ಸಂಕೇತ ಕಡತದಲ್ಲಿತ್ತು, ಅಕ್ಷರದ ರೂಪ ಮಾತ್ರ ಹಳೆಯ ಗಣಕದಲ್ಲಿಯೇ ಉಳಿದುಹೋಗಿತ್ತು. ಸಂಕೇತ ಒಂದೆಡೆ, ರೂಪ ಇನ್ನೊಂದೆಡೆ ಎಂಬ ಈ ವಿಂಗಡಣೆ ಗಣಕ ಸಂಸ್ಕೃತಿಯಲ್ಲಿ ಎಷ್ಟು ಆಳವಾದುದೆಂಬುದನ್ನು ಅರಿಯಲು ನೆರವಾದ ಒಂದು ಪ್ರಯೋಗವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಳೆಯ ಕಾರ್ಯಾಚರಣೆ ವ್ಯವಸ್ಥೆಯೊಂದರ ಚಿತ್ರಾತ್ಮಕ ಡೆಸ್ಕ್‌ಟಾಪನ್ನು ಜಾಲದ ಮೂಲಕ ಬೇರೊಂದು ಗಣಕದ ಪರದೆಯ ಮೇಲೆ ಮೂಡಿಸುವುದೇ ಆ ಪ್ರಯೋಗ. ಇದಕ್ಕೆ ಆರಿಸಿಕೊಂಡದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ರೂಪಿಸಿದ ವಿಎಂಎಸ್ ವ್ಯವಸ್ಥೆ.

1. ಎಕ್ಸ್ ವಿಂಡೋ ವ್ಯವಸ್ಥೆಯ ಹಿನ್ನೆಲೆ

ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯು 1983ರಲ್ಲಿ ಡಿಜಿಟಲ್ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ ಅಥೀನಾ ಎಂಬ ಯೋಜನೆಯನ್ನು ಆರಂಭಿಸಿತು. ವಿದ್ಯಾರ್ಥಿಗಳ ಕಲಿಕೆಗೆ ಆವರಣದ ತುಂಬ ಗಣಕಗಳನ್ನು ಒದಗಿಸುವುದು ಅದರ ಗುರಿ. ಗಣಕಗಳು ಬೇರೆ ಬೇರೆ ತಯಾರಕರವು. ಒಂದರಲ್ಲಿ ನಡೆಯುವ ತಂತ್ರಾಂಶವನ್ನು ಇನ್ನೊಂದರ ಪರದೆಯಲ್ಲಿ ಕಾಣುವಂತೆ ಮಾಡಬೇಕಾದ ಅಗತ್ಯ ಅಲ್ಲಿ ಸಹಜವಾಗಿಯೇ ಇತ್ತು. ಈ ಹಿನ್ನೆಲೆಯಲ್ಲಿ 1984ರಲ್ಲಿ ರಾಬರ್ಟ್ ಶೈಫ್ಲರ್ ಅವರು ಎಕ್ಸ್ ವ್ಯವಸ್ಥೆಯ ಕೆಲಸವನ್ನು ಕೈಗೊಂಡರು. ಜಿಮ್ ಗೆಟ್ಟಿಸ್ ಅವರು ಅದರಲ್ಲಿ ಜೊತೆಯಾದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದಕ್ಕೂ ಮೊದಲು ರೂಪುಗೊಂಡಿದ್ದ ಡಬ್ಲ್ಯು ಎಂಬ ವ್ಯವಸ್ಥೆ ಇದಕ್ಕೆ ಮೂಲ. ಇಂಗ್ಲಿಷ್ ವರ್ಣಮಾಲೆಯಲ್ಲಿ ಡಬ್ಲ್ಯುವಿನ ನಂತರದ ಅಕ್ಷರ ಎಕ್ಸ್ ಆದುದರಿಂದ ಹೊಸತಕ್ಕೆ ಆ ಹೆಸರು ಬಂದಿತು. ಹಲವು ಪರಿಷ್ಕರಣೆಗಳ ನಂತರ 1987ರ ಸೆಪ್ಟೆಂಬರಿನಲ್ಲಿ ಅದರ 11ನೆಯ ಆವೃತ್ತಿ ಬಿಡುಗಡೆಯಾಯಿತು. ವಿಸ್ತರಣೆಗಳು ಎಷ್ಟೇ ಸೇರಿದ್ದರೂ ಮೂಲ ಸಂವಹನದ ನಿಯಮಾವಳಿ ಇಂದಿಗೂ 11ನೆಯ ಆವೃತ್ತಿಯದೇ ಆಗಿದೆ. 1980ರ ದಶಕದ ಕೊನೆಯ ತಂತ್ರಾಂಶವೊಂದು ಇಂದಿನ ಪರದೆಯೊಡನೆ ಮಾತನಾಡಬಲ್ಲುದಕ್ಕೆ ಈ ಸ್ಥಿರತೆಯೇ ಮುಖ್ಯ ಕಾರಣ.

2. ಆಟಗಾರ ಮತ್ತು ಪರದೆಯ ಸಂಬಂಧ

ಎಕ್ಸ್ ವ್ಯವಸ್ಥೆಯಲ್ಲಿ ಸರ್ವರ್ ಮತ್ತು ಕ್ಲೈಂಟ್ ಎಂಬ ಪದಗಳು ರೂಢಿಗೆ ತಿರುಗುಮುರುಗಾಗಿ ಬಳಕೆಯಾಗುತ್ತವೆ. ದೂರದಲ್ಲಿರುವ ದೊಡ್ಡ ಗಣಕವನ್ನು ಸರ್ವರ್ ಎಂದು ಕರೆಯುವುದು ವಾಡಿಕೆ. ಇಲ್ಲಿ ಮಾತ್ರ ಬಳಕೆದಾರನ ಮುಂದಿರುವ ಪರದೆ, ಕೀಲಿಮಣೆ, ಮೌಸ್‌ಗಳನ್ನು ನಿಯಂತ್ರಿಸುವ ತಂತ್ರಾಂಶವೇ ಸರ್ವರ್. ದೂರದ ಗಣಕದಲ್ಲಿ ನಡೆಯುವ ತಂತ್ರಾಂಶವು ಅದರ ಸೇವೆಯನ್ನು ಬೇಡುವ ಕ್ಲೈಂಟ್.

ಇದನ್ನು ತೊಗಲುಗೊಂಬೆಯಾಟಕ್ಕೆ ಹೋಲಿಸಬಹುದು, ಆದರೆ ಎಚ್ಚರಿಕೆಯಿಂದ. ತೊಗಲುಗೊಂಬೆಯಾಟದಲ್ಲಿ ಕಲಾವಿದ, ಗೊಂಬೆ, ದೀಪ ಮೂರೂ ಪರದೆಯ ಹಿಂದಿರುತ್ತವೆ. ಪ್ರೇಕ್ಷಕನಿಗೆ ತಲುಪುವುದು ಸಿದ್ಧವಾದ ಬಿಂಬ. 1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಪ್ರಯೋಗಾಲಯವೊಂದರಿಂದ ಬಂದ ವಿಎನ್‌ಸಿ ಎಂಬ ದೂರದರ್ಶಕ ತಂತ್ರಾಂಶ ಈ ಬಗೆಯದು. ಅದು ದೂರದ ಪರದೆಯಲ್ಲಿ ಮೂಡಿದ ಚಿತ್ರವನ್ನೇ ಜಾಲದ ಮೂಲಕ ಕಳುಹಿಸುತ್ತದೆ. ಎಕ್ಸ್ ವ್ಯವಸ್ಥೆಯಲ್ಲಿ ಗೊಂಬೆಗಳು ಪ್ರೇಕ್ಷಕನ ಊರಿನಲ್ಲಿಯೇ ಇರುತ್ತವೆ. ಪರಊರಿನ ಕಲಾವಿದ ಕಳುಹಿಸುವುದು ಸೂಚನೆಗಳನ್ನು ಮಾತ್ರ: ಇಷ್ಟು ಅಳತೆಯ ವಿಂಡೋ ತೆರೆ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಹೆಸರಿನ ಫಾಂಟಿನಲ್ಲಿ ಈ ಪದವನ್ನು ಬರೆ. ರೂಪ ಕೊಡುವುದು ಪರದೆಯ ಕಡೆಯ ಸರ್ವರಿನ ಕೆಲಸ. ಬಳಕೆದಾರ ಕೀಲಿ ಒತ್ತಿದಾಗ, ಮೌಸ್ ಸರಿಸಿದಾಗ ಆ ಸುದ್ದಿ ಘಟನೆಗಳ ರೂಪದಲ್ಲಿ ಕ್ಲೈಂಟಿಗೆ ಹಿಂದಿರುಗುತ್ತದೆ.

ಇವೆರಡರ ಸಂಭಾಷಣೆ ಆರಂಭವಾಗುವ ಬಗೆಯೂ ಗಮನಾರ್ಹ. ಕ್ಲೈಂಟ್ ಕಳುಹಿಸುವ ಮೊಟ್ಟಮೊದಲ ಬೈಟು, ತನ್ನ ಯಂತ್ರ ಸಂಖ್ಯೆಗಳನ್ನು ದೊಡ್ಡ ತುದಿಯಿಂದ ಬರೆಯುತ್ತದೆಯೋ ಚಿಕ್ಕ ತುದಿಯಿಂದ ಬರೆಯುತ್ತದೆಯೋ ಎಂಬುದನ್ನು ತಿಳಿಸುತ್ತದೆ. ಅಪರಿಚಿತರಿಬ್ಬರು ಭೇಟಿಯಾದಾಗ ಮೊದಲು ಭಾಷೆಯನ್ನು ಗೊತ್ತುಮಾಡಿಕೊಳ್ಳುವಂತೆ ಇದು. ಬೇರೆ ಬೇರೆ ತಯಾರಕರ, ಬೇರೆ ಬೇರೆ ಕಾಲದ ಯಂತ್ರಗಳು ಸೇರಿ ಕೆಲಸ ಮಾಡಲು ಈ ಏರ್ಪಾಡು ಅನುವು ಮಾಡಿಕೊಟ್ಟಿತು.

3. ವಿಎಂಎಸ್ ಮತ್ತು ಅದರ ಅನುಕರಣ

ವ್ಯಾಕ್ಸ್-11/780 ಗಣಕದೊಂದಿಗೆ 1977ರಲ್ಲಿ ಪ್ರಕಟಿಸಲಾದ ವಿಎಂಎಸ್, ಬ್ಯಾಂಕು, ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ದೀರ್ಘಕಾಲ ದುಡಿದ ಕಾರ್ಯಾಚರಣೆ ವ್ಯವಸ್ಥೆ. 1980ರ ದಶಕದ ಕೊನೆಯಲ್ಲಿ ಡೆಕ್‌ವಿಂಡೋಸ್ ಎಂಬ ಹೆಸರಿನಲ್ಲಿ ಅದಕ್ಕೆ ಎಕ್ಸ್ ಆಧಾರಿತ ಡೆಸ್ಕ್‌ಟಾಪ್ ಸೇರಿತು. ಕಡತಗಳನ್ನು ತೋರಿಸುವ ಫೈಲ್‌ವ್ಯೂ, ಕೈಪಿಡಿಗಳನ್ನು ಓದಲು ಬುಕ್‌ರೀಡರ್, ಆದೇಶಗಳನ್ನು ಬರೆಯಲು ಡೆಕ್‌ಟರ್ಮ್, ಜೊತೆಗೆ ಕ್ಯಾಲೆಂಡರ್, ಗಡಿಯಾರ, ಅಂಚೆ ಇವು ಅದರ ಅಂಗಗಳು. ಕಾಲಾನಂತರದಲ್ಲಿ ವ್ಯವಸ್ಥೆಗೆ ಓಪನ್‌ವಿಎಂಎಸ್ ಎಂಬ ಹೆಸರು ಬಂದಿತು. ಡಿಜಿಟಲ್ ಕಂಪನಿ 1998ರಲ್ಲಿ ಕಾಂಪ್ಯಾಕ್‌ಗೆ ಸೇರಿತು, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯಲ್ಲಿ ವಿಲೀನವಾಯಿತು. ವ್ಯಾಕ್ಸ್ ಗಣಕಗಳಿಗಾಗಿ ಬಂದ ಕೊನೆಯ ಆವೃತ್ತಿ 2001ರ 7.3.

ಆ ಗಣಕಗಳು ಇಂದು ಸುಲಭವಾಗಿ ದೊರೆಯುವುದಿಲ್ಲ. ದೊರೆತರೂ ಅವುಗಳ ವಿದ್ಯುತ್ ಘಟಕ, ಡಿಸ್ಕು, ಚಿತ್ರನಳಿಕೆಗಳು ಮುಪ್ಪಾಗಿವೆ. ಈ ಕೊರತೆಯನ್ನು ತುಂಬುವುದು ಅನುಕರಣ ತಂತ್ರಾಂಶ. ಡಿಜಿಟಲ್‌ನಲ್ಲಿ ಸೇವೆ ಸಲ್ಲಿಸಿದ್ದ ಬಾಬ್ ಸುಪ್ನಿಕ್ ಅವರು 1993ರಲ್ಲಿ ಆರಂಭಿಸಿದ ಸಿಮ್‌ಎಚ್, ಹಳೆಯ ಹಲವು ಗಣಕಗಳ ಆದೇಶಗಳನ್ನು ಒಂದೊಂದಾಗಿ ಅನುಕರಿಸುತ್ತದೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ವ್ಯಾಕ್ಸ್ ಮಾದರಿ ಮೈಕ್ರೋವ್ಯಾಕ್ಸ್ 3900. ಈ ಗಣಕಕ್ಕೆ ತನ್ನದೇ ಆದ ಚಿತ್ರಪರದೆ ಇಲ್ಲ. ಅದರೊಡನೆ ವ್ಯವಹರಿಸಲು ಇರುವುದು ಅಕ್ಷರಗಳನ್ನು ಮಾತ್ರ ತೋರಿಸುವ ಕನ್ಸೋಲ್. ಆದುದರಿಂದ ಡೆಕ್‌ವಿಂಡೋಸನ್ನು ಕಾಣಬೇಕಾದರೆ ಬೇರೊಂದು ಯಂತ್ರದ ಪರದೆಯನ್ನು ಆಶ್ರಯಿಸಲೇಬೇಕು.

ಇದನ್ನು ಇಂದಿನವರು ಕಂಡುಕೊಂಡ ಅಡ್ಡದಾರಿ ಎಂದು ಭಾವಿಸಬಾರದು. ಡಿಜಿಟಲ್ ಕಂಪನಿಯೇ ವಿಟಿ1200ರಂತಹ ಎಕ್ಸ್ ಟರ್ಮಿನಲ್‌ಗಳನ್ನು ಮಾರುತ್ತಿತ್ತು. ಪರದೆ, ಕೀಲಿಮಣೆ, ಜಾಲದ ಕೊಂಡಿ ಇಷ್ಟೇ ಅದರ ಆಸ್ತಿ. ಲೆಕ್ಕಾಚಾರವೆಲ್ಲ ಒಳಕೋಣೆಯ ವ್ಯಾಕ್ಸ್‌ನಲ್ಲಿ ನಡೆಯುತ್ತಿತ್ತು. ದೂರದ ಪರದೆಯ ಮೇಲೆ ಡೆಸ್ಕ್‌ಟಾಪ್ ಮೂಡುವುದು ಆ ಕಾಲದ ಸಹಜ ಬಳಕೆಯಾಗಿತ್ತು ಎಂಬುದು ಈ ಪ್ರಯೋಗಕ್ಕೆ ಚಾರಿತ್ರಿಕ ಸಮರ್ಥನೆಯನ್ನು ಒದಗಿಸುತ್ತದೆ.

4. ಮೊದಲ ವಿಂಡೋ ಮೂಡುವ ಬಗೆ

ಕಾರ್ಯವಿಧಾನವನ್ನು ಹೀಗೆ ಸಂಗ್ರಹಿಸಬಹುದು. ಸಿಮ್‌ಎಚ್‌ನಲ್ಲಿ ಡಿಸ್ಕಿನ ಕಡತವನ್ನೂ ಈಥರ್ನೆಟ್ ಸಾಧನವನ್ನೂ ಜೋಡಿಸಿ ವಿಎಂಎಸ್ ಸ್ಥಾಪಿಸಬೇಕು. ಅನಂತರ ಟಿಸಿಪಿ/ಐಪಿ ಸೇವೆಗಳನ್ನು ಮತ್ತು ಡೆಕ್‌ವಿಂಡೋಸ್ ಮೋಟಿಫ್ ಭಾಗವನ್ನು ಸೇರಿಸಬೇಕು. ಇತ್ತ ಇಂದಿನ ಗಣಕದಲ್ಲಿ ಎಕ್ಸ್ ಸರ್ವರ್ ನಡೆಯುತ್ತಿರಬೇಕು. ಲಿನಕ್ಸ್‌ನಲ್ಲಿ ಎಕ್ಸ್.ಆರ್ಗ್, ಮ್ಯಾಕ್‌ನಲ್ಲಿ ಎಕ್ಸ್‌ಕ್ವಾರ್ಟ್ಜ್, ವಿಂಡೋಸ್‌ನಲ್ಲಿ ವಿಸಿಎಕ್ಸ್‌ಸರ್ವ್ ಈ ಕೆಲಸ ಮಾಡುತ್ತವೆ. ಸರ್ವರ್ ಟಿಸಿಪಿಯ 6000ನೆಯ ದ್ವಾರದಲ್ಲಿ ಕಿವಿಗೊಟ್ಟಿರಬೇಕು. 2015ರಲ್ಲಿ ಬಂದ ಎಕ್ಸ್.ಆರ್ಗ್ ಸರ್ವರ್ 1.17ರಿಂದ ಈಚೆಗೆ ಸುರಕ್ಷತೆಯ ದೃಷ್ಟಿಯಿಂದ ಈ ದ್ವಾರವನ್ನು ಮೊದಲೇ ಮುಚ್ಚಿರಲಾಗುತ್ತದೆ. ಬೇಕೆಂದು ಸ್ಪಷ್ಟವಾಗಿ ಕೇಳಿದಾಗ ಮಾತ್ರ ಅದು ತೆರೆಯುತ್ತದೆ.

ಮುಂದಿನ ಹೆಜ್ಜೆ ಅನುಮತಿಯದು. ಎಕ್ಸ್‌ಹೋಸ್ಟ್ ಆದೇಶದ ಮೂಲಕ ವ್ಯಾಕ್ಸ್‌ನ ಜಾಲವಿಳಾಸಕ್ಕೆ ಪರದೆಯನ್ನು ಬಳಸುವ ಹಕ್ಕನ್ನು ಕೊಡಬೇಕು. ಅಂತಿಮವಾಗಿ ವಿಎಂಎಸ್ ಕಡೆ ಸೆಟ್ ಡಿಸ್‌ಪ್ಲೇ ಎಂಬ ಆದೇಶವನ್ನು ನೀಡಿ, ಪರದೆ ಇರುವ ಯಂತ್ರದ ವಿಳಾಸವನ್ನು ತಿಳಿಸಬೇಕು. ಸಂವಹನದ ಮಾರ್ಗ ಟಿಸಿಪಿ/ಐಪಿ ಎಂಬುದನ್ನು ಇಲ್ಲಿ ಮರೆಯದೆ ಸೂಚಿಸಬೇಕು. ಇಲ್ಲವಾದರೆ ವಿಎಂಎಸ್ ತನ್ನ ರೂಢಿಯಂತೆ ಡೆಕ್‌ನೆಟ್ ಎಂಬ ಸ್ವಂತ ಜಾಲವನ್ನು ಹುಡುಕುತ್ತದೆ. ಇಷ್ಟಾದ ಮೇಲೆ ಗಡಿಯಾರದ ತಂತ್ರಾಂಶವನ್ನು ನಡೆಸಿದರೆ ದುಂಡನೆಯ ಗಡಿಯಾರವೊಂದು ಇತ್ತಲಿನ ಪರದೆಯ ಮೇಲೆ ಮೂಡುತ್ತದೆ. ನಾನು 2019ರಲ್ಲಿ ಈ ಪ್ರಯೋಗವನ್ನು ಮಾಡಿದಾಗ ಮೊದಲು ಕಂಡದ್ದೂ ಅದೇ.

ಈ ಸಂವಹನದಲ್ಲಿ ಗೂಢಲಿಪೀಕರಣವಿಲ್ಲ. ಒತ್ತಿದ ಪ್ರತಿ ಕೀಲಿಯೂ ಜಾಲದಲ್ಲಿ ಬಯಲಾಗಿ ಸಾಗುತ್ತದೆ. ಸಂಗ್ರಹಾಲಯಗಳು ಇದನ್ನು ಹೊರಜಾಲಕ್ಕೆ ಸೇರದ ಪ್ರತ್ಯೇಕ ಕೊಂಡಿಯಲ್ಲಿ ಮಾತ್ರ ನಡೆಸುವುದು ಕ್ಷೇಮ.

5. ಮರುದರ್ಶನದಲ್ಲಿ ತಲೆದೋರುವ ವ್ಯತ್ಯಾಸಗಳು

ಗಡಿಯಾರ ಮೂಡಿದ ಮಾತ್ರಕ್ಕೆ ಹಳೆಯ ಡೆಸ್ಕ್‌ಟಾಪ್ ಮರಳಿತು ಎನ್ನಲಾಗದು. ಮೊದಲ ವ್ಯತ್ಯಾಸ ಅಕ್ಷರಗಳದು. ಡೆಕ್‌ಟರ್ಮ್ ಡಿಜಿಟಲ್ ಕಂಪನಿಯ ಹೆಸರುಳ್ಳ ಫಾಂಟನ್ನು ಕೇಳುತ್ತದೆ. ಪರದೆಯ ಕಡೆ ಅದು ಇಲ್ಲವಾದರೆ ಬದಲಿ ಫಾಂಟ್ ಬಂದು ಸಾಲುಗಳ ಅಳತೆ ಕೆಡುತ್ತದೆ, ಕೆಲವೊಮ್ಮೆ ತಂತ್ರಾಂಶವೇ ದೋಷ ತೋರಿಸುತ್ತದೆ. ನನ್ನ ಕನ್ನಡ ಟಿಪ್ಪಣಿಗಳಿಗೆ ಆದ ಗತಿಯೇ ಇದು: ಸಂಕೇತ ತಲುಪಿತು, ರೂಪ ತಲುಪಲಿಲ್ಲ. ಇದಕ್ಕೆ ಎರಡು ಪರಿಹಾರಗಳಿವೆ. ಕೇಳಿದ ಹೆಸರನ್ನು ಇರುವ ಫಾಂಟಿಗೆ ಹೊಂದಿಸುವ ಅಡ್ಡಹೆಸರಿನ ಪಟ್ಟಿ ಒಂದು. 1991ರ ಬಿಡುಗಡೆಯಲ್ಲಿ ಎಕ್ಸ್‌ಗೆ ಸೇರಿದ ಫಾಂಟ್ ಸರ್ವರಿನ ಮೂಲಕ ಮೂಲ ಫಾಂಟುಗಳನ್ನೇ ಒದಗಿಸುವುದು ಇನ್ನೊಂದು. ಮೊದಲನೆಯದು ಕೆಲಸ ಸಾಗಿಸುತ್ತದೆ, ಎರಡನೆಯದು ರೂಪವನ್ನು ಉಳಿಸುತ್ತದೆ.

ಎರಡನೆಯದು ಬಣ್ಣ. ಆ ಕಾಲದ ಸಾಮಾನ್ಯ ಬಣ್ಣದ ಪರದೆ ಒಮ್ಮೆಗೆ 256 ಬಣ್ಣಗಳ ತಟ್ಟೆಯನ್ನು ಮಾತ್ರ ಬಳಸುತ್ತಿತ್ತು. ತಂತ್ರಾಂಶಗಳು ಆ ತಟ್ಟೆಗಾಗಿ ಪೈಪೋಟಿ ನಡೆಸಿದಾಗ, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋದೊಡನೆ ಉಳಿದ ಪರದೆಯ ಬಣ್ಣಗಳು ವಿಕಾರವಾಗಿ ಮಿನುಗುತ್ತಿದ್ದವು. ಇಂದಿನ 24 ಬಿಟ್‌ಗಳ ಪರದೆಯಲ್ಲಿ ಈ ತೊಂದರೆ ಇಲ್ಲ, ಆದರೆ ತಟ್ಟೆಯನ್ನೇ ನಂಬಿದ ಕೆಲವು ತಂತ್ರಾಂಶಗಳು ಅಲ್ಲಿ ನಡೆಯುವುದೂ ಇಲ್ಲ. ಅಂತಹ ಸಂದರ್ಭದಲ್ಲಿ ಝೆಫರ್ ಎಂಬ, ಪರದೆಯೊಳಗೊಂದು ಪರದೆಯನ್ನು ತೆರೆಯುವ ಸರ್ವರನ್ನು 8 ಬಿಟ್‌ಗಳ ಆಳದಲ್ಲಿ ನಡೆಸಬೇಕಾಗುತ್ತದೆ.

ಮೂರನೆಯದು ವಿಂಡೋಗಳ ಚೌಕಟ್ಟು. ಎಕ್ಸ್‌ನಲ್ಲಿ ಶೀರ್ಷಿಕೆಪಟ್ಟಿ, ಅಂಚುಗಳನ್ನು ನೀಡುವುದು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶ. ಒಂದು ಪರದೆಗೆ ಅಂತಹ ಒಬ್ಬ ಯಜಮಾನ ಮಾತ್ರ. ಇಂದಿನ ಡೆಸ್ಕ್‌ಟಾಪಿನ ಮ್ಯಾನೇಜರ್ ಮೊದಲೇ ಆ ಸ್ಥಾನದಲ್ಲಿದ್ದರೆ ವಿಎಂಎಸ್‌ನ ಮೋಟಿಫ್ ಮ್ಯಾನೇಜರಿಗೆ ಪ್ರವೇಶವಿಲ್ಲ. ಆಗ ಹಳೆಯ ಚಿತ್ರಕ್ಕೆ ಹೊಸ ಚೌಕಟ್ಟು ಬೀಳುತ್ತದೆ. ಒಳಪರದೆಯನ್ನು ತೆರೆದು ಅದನ್ನು ಪೂರ್ತಿಯಾಗಿ ವಿಎಂಎಸ್‌ಗೆ ಒಪ್ಪಿಸಿದಾಗ ಮಾತ್ರ ಮೂಲದ ಚೌಕಟ್ಟು ಕಾಣುತ್ತದೆ.

ನಾಲ್ಕನೆಯದು ಕೈಗೆ ಸಂಬಂಧಿಸಿದ್ದು. ಡಿಜಿಟಲ್‌ನ ಎಲ್‌ಕೆ201 ಕೀಲಿಮಣೆಯಲ್ಲಿ ಡೂ, ಹೆಲ್ಪ್, ಫೈಂಡ್, ಸೆಲೆಕ್ಟ್ ಎಂಬ ಕೀಲಿಗಳೂ ಪಿಎಫ್1ರಿಂದ ಪಿಎಫ್4ರವರೆಗಿನ ಕೀಲಿಗಳೂ ಇದ್ದವು. ಇಡಿಟಿ ಸಂಪಾದಕದ ಬಳಕೆದಾರರಿಗೆ ಪಿಎಫ್1 ಎಂದರೆ ಗೋಲ್ಡ್ ಕೀಲಿ, ಬಹುಪಾಲು ಆದೇಶಗಳ ಹೆಬ್ಬಾಗಿಲು. ಇಂದಿನ ಕೀಲಿಮಣೆಯಲ್ಲಿ ಆ ಜಾಗದಲ್ಲಿರುವುದು ನಮ್‌ಲಾಕ್. ಹೊಂದಾಣಿಕೆಯ ಪಟ್ಟಿಯೊಂದನ್ನು ಬರೆದುಕೊಡದೆ ಹಳೆಯ ಬೆರಳಭ್ಯಾಸ ಇಲ್ಲಿ ನಡೆಯದು.

6. ಪಠ್ಯ, ಹೆಣಿಗೆ, ಸಂದರ್ಭ

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಅವರು 1964ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಜಾನಪದ ಸಾಮಗ್ರಿಯನ್ನು ಪಠ್ಯ, ಹೆಣಿಗೆ, ಸಂದರ್ಭ ಎಂಬ ಮೂರು ನೆಲೆಗಳಲ್ಲಿ ವಿಶ್ಲೇಷಿಸಬೇಕೆಂಬ ವಿಚಾರವನ್ನು ಮಂಡಿಸಿದರು. ಮೌಖಿಕ ಸಾಹಿತ್ಯಕ್ಕಾಗಿ ರೂಪಿಸಿದ ಈ ಪರಿಕಲ್ಪನೆಯನ್ನು ಗಣಕಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಮೇಲಿನ ವ್ಯತ್ಯಾಸಗಳನ್ನು ವಿಂಗಡಿಸಲು ಅದು ಉಪಯುಕ್ತವಾಗಿದೆ. ಡಿಸ್ಕಿನಲ್ಲಿ ಉಳಿದಿರುವ ತಂತ್ರಾಂಶ, ಕಡತಗಳು ಪಠ್ಯ. ಫಾಂಟು, ಬಣ್ಣದ ತಟ್ಟೆ, ಚೌಕಟ್ಟುಗಳು ಹೆಣಿಗೆ. ಕೀಲಿಮಣೆ, ಕೋಣೆ, ಜಾಲದ ನಿಧಾನಗತಿ, ಒಂದೇ ವ್ಯಾಕ್ಸನ್ನು ಹಲವರು ಹಂಚಿಕೊಳ್ಳುತ್ತಿದ್ದ ರೂಢಿ ಇವು ಸಂದರ್ಭ.

ಅನುಕರಣ ತಂತ್ರಾಂಶವು ಪಠ್ಯವನ್ನು ಬಹುಮಟ್ಟಿಗೆ ಪೂರ್ಣವಾಗಿ ಉಳಿಸುತ್ತದೆ. ದೂರದ ಪರದೆಯು ಹೆಣಿಗೆಯನ್ನು ಭಾಗಶಃ ಉಳಿಸುತ್ತದೆ, ಉಳಿದುದನ್ನು ತನ್ನ ಕಡೆಯಿಂದ ತುಂಬುತ್ತದೆ. ಸಂದರ್ಭವನ್ನು ಇವೆರಡೂ ಉಳಿಸುವುದಿಲ್ಲ. ಅದನ್ನು ಬಳಸಿದವರಿಂದಲೇ ಕೇಳಿ ದಾಖಲಿಸಬೇಕು. ಗೋಲ್ಡ್ ಕೀಲಿಯನ್ನು ಒತ್ತುತ್ತಿದ್ದ ಬೆರಳಿನ ನೆನಪು ಯಾವ ಡಿಸ್ಕಿನಲ್ಲಿಯೂ ಇಲ್ಲ. ಕಥನಗೀತೆಯ ಮುದ್ರಿತ ಪಠ್ಯವನ್ನು ಹಿಡಿದು ಇದೇ ಆ ಹಾಡು ಎನ್ನುವವರನ್ನು ನಾವು ಎಚ್ಚರಿಸುತ್ತೇವೆ. ಪರದೆಯ ಮೇಲೆ ಮೂಡಿದ ಡೆಸ್ಕ್‌ಟಾಪನ್ನು ತೋರಿಸಿ ಇದೇ ಆ ವ್ಯವಸ್ಥೆ ಎನ್ನುವವರಿಗೂ ಅದೇ ಎಚ್ಚರಿಕೆ ಸಲ್ಲಬೇಕು.

7. ಬೀಗ ಮತ್ತು ಬಾಗಿಲು

ಸಂರಕ್ಷಣೆಯ ದೊಡ್ಡ ತೊಡಕು ಇರುವುದು ತಂತ್ರದಲ್ಲಿ ಅಲ್ಲ. ವಿಎಂಎಸ್‌ನ ಭಾಗಗಳು ಪರವಾನಗಿಯ ಸಂಕೇತಗಳಿಲ್ಲದೆ ಪೂರ್ಣವಾಗಿ ಕೆಲಸ ಮಾಡುವುದಿಲ್ಲ. 1997ರಿಂದ ಹವ್ಯಾಸಿಗಳಿಗಾಗಿ ಅವಧಿ ಮಿತಿಯ ಪರವಾನಗಿಗಳನ್ನು ಉಚಿತವಾಗಿ ನೀಡುವ ಕಾರ್ಯಕ್ರಮವೊಂದಿತ್ತು. ನನ್ನ ಪ್ರಯೋಗ ನಡೆದದ್ದೂ ಅದರ ಆಶ್ರಯದಲ್ಲಿಯೇ. ಅದನ್ನು ನಿಲ್ಲಿಸುವುದಾಗಿ ಎಚ್‌ಪಿಇ ಕಂಪನಿ 2020ರಲ್ಲಿ ತಿಳಿಸಿತು. 2014ರಿಂದ ಓಪನ್‌ವಿಎಂಎಸ್‌ನ ಅಭಿವೃದ್ಧಿಯನ್ನು ವಹಿಸಿಕೊಂಡಿರುವ ವಿಎಸ್‌ಐ ಕಂಪನಿಯ ಸಮುದಾಯ ಪರವಾನಗಿಯಲ್ಲಿ ವ್ಯಾಕ್ಸ್ ಆವೃತ್ತಿ ಸೇರಿಲ್ಲ. ಹೀಗಾಗಿ ನನ್ನ ಡಿಸ್ಕಿನ ಕಡತ ಇಂದಿಗೂ ಒಂದು ಬಿಟ್ ಕೆಡದೆ ಉಳಿದಿದೆ, ಸಿಮ್‌ಎಚ್ ಕೂಡ ಇದೆ. ಆದರೆ ಅವಧಿ ಮುಗಿದ ಪರವಾನಗಿಯಿಂದಾಗಿ 2019ರಲ್ಲಿ ಕಂಡ ಡೆಸ್ಕ್‌ಟಾಪನ್ನು ಮತ್ತೆ ಅಂತೆಯೇ ತೆರೆಯಲಾರೆ. ಉಳಿದಿರುವುದು ಅಂದು ಬರೆದಿಟ್ಟ ಟಿಪ್ಪಣಿಗಳು.

ಇತ್ತ ಪರದೆಯ ಕಡೆಯೂ ಬದಲಾವಣೆ ನಡೆದಿದೆ. ಲಿನಕ್ಸ್ ಪ್ರಪಂಚ ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನತ್ತ ಸಾಗುತ್ತಿದೆ. 2025ರಲ್ಲಿ ಬಂದ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಿಂದ ಎಕ್ಸ್.ಆರ್ಗ್ ಸರ್ವರನ್ನು ಕೈಬಿಡಲಾಗಿದ್ದು, ಹಳೆಯ ತಂತ್ರಾಂಶಗಳಿಗಾಗಿ ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯನ್ನು ಉಳಿಸಿಕೊಳ್ಳಲಾಗಿದೆ. ಹಳೆಯದನ್ನು ತೋರಿಸುತ್ತಿದ್ದ ಪರದೆಯೇ ಈಗ ಸಂರಕ್ಷಿಸಬೇಕಾದ ವಸ್ತುಗಳ ಸಾಲಿಗೆ ಸೇರುತ್ತಿದೆ. ಎಕ್ಸ್ ಎಂಬುದು ಇಬ್ಬರ ಸಂಭಾಷಣೆ. ಒಬ್ಬರನ್ನು ಮಾತ್ರ ಉಳಿಸಿಕೊಂಡರೆ ಸಂಭಾಷಣೆ ಉಳಿಯುವುದಿಲ್ಲ.

8. ದಾಖಲಾತಿಯ ಅಗತ್ಯ

ಈ ಹಿನ್ನೆಲೆಯಲ್ಲಿ ಗ್ರಂಥಾಲಯಗಳು ಹಳೆಯ ಗಣಕ ಸಾಮಗ್ರಿಯನ್ನು ಸ್ವೀಕರಿಸುವಾಗ ಡಿಸ್ಕಿನ ಪ್ರತಿಯೊಂದಿಗೆ ಕೆಲವು ವಿವರಗಳನ್ನು ತಪ್ಪದೆ ಬರೆದಿಡಬೇಕಾಗುತ್ತದೆ. ಸಾಮಗ್ರಿ ಯಾವ ಯಂತ್ರದಲ್ಲಿ, ಯಾವ ಆವೃತ್ತಿಯ ವ್ಯವಸ್ಥೆಯಲ್ಲಿ ನಡೆಯುತ್ತಿತ್ತು, ಅದು ಬೇಡುತ್ತಿದ್ದ ಫಾಂಟುಗಳು ಯಾವುವು, ಅವುಗಳ ಮೂಲ ಕಡತಗಳು ದೊರೆತಿವೆಯೇ, ಪರದೆಯ ಅಳತೆ ಮತ್ತು ಬಣ್ಣದ ಆಳ ಎಷ್ಟು, ಕೀಲಿಮಣೆ ಯಾವುದು, ಮರುದರ್ಶನಕ್ಕೆ ಬಳಸಿದ ಅನುಕರಣ ತಂತ್ರಾಂಶ ಮತ್ತು ಪರದೆಯ ಸರ್ವರ್ ಯಾವುವು, ಪರವಾನಗಿ ಯಾರದು, ಎಂದಿನವರೆಗೆ ಎಂಬುವು ಆ ವಿವರಗಳು. ಮರುದರ್ಶನದಲ್ಲಿ ಮೂಲದ್ದು ಯಾವುದು, ಬದಲಿಯಾಗಿ ಬಂದದ್ದು ಯಾವುದು ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಬೇಕು. ಹಾಡಿನ ಪಠ್ಯದೊಂದಿಗೆ ಹಾಡಿದವರ ಹೆಸರು, ಊರು, ದಿನಾಂಕ, ಸಂದರ್ಭಗಳನ್ನು ಬರೆದುಕೊಳ್ಳುವ ಜಾನಪದ ಕ್ಷೇತ್ರಕಾರ್ಯದ ಶಿಸ್ತಿಗೆ ಇದು ಹೊಸತೇನೂ ಅಲ್ಲ.

ನಮ್ಮಲ್ಲಿಯೂ ಇದು ಮುಂದೂಡಬಹುದಾದ ಕೆಲಸವಲ್ಲ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಸಂಗ್ರಹಿಸಿದ ಕನ್ನಡ ಜಾನಪದ ಪಠ್ಯಗಳು ಫ್ಲಾಪಿಗಳಲ್ಲಿ, ಸಿಡಿಗಳಲ್ಲಿ, ಹಳೆಯ ಗಣಕಗಳಲ್ಲಿ ಕುಳಿತಿವೆ. ನನ್ನ ಟಿಪ್ಪಣಿಗಳನ್ನು ನಾನು ಕೊನೆಗೂ ಓದಲು ಸಾಧ್ಯವಾದದ್ದು, ಅವುಗಳ ಮುದ್ರಿತ ಪ್ರತಿಯ ಅಂಚಿನಲ್ಲಿ ಫಾಂಟಿನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದುದರಿಂದ. ಆ ಒಂದು ಪದ ಇಲ್ಲದಿದ್ದರೆ, ಹಾಡಿಕೊಟ್ಟವರಲ್ಲಿ ಹಲವರು ಇಂದು ಇಲ್ಲದಿರುವಾಗ, ಅವರ ದನಿಯ ಬರಹರೂಪವೂ ಇಲ್ಲವಾಗುತ್ತಿತ್ತು. ಗಣಕವನ್ನು ಉಳಿಸುವುದು ದುಬಾರಿ, ಪರವಾನಗಿ ನಮ್ಮ ಕೈಯಲ್ಲಿಲ್ಲ. ಆದರೆ ಕಡತದ ಜೊತೆಗೆ ಅದರ ರೂಪ ಎಲ್ಲಿದೆ ಎಂಬುದನ್ನು ಬರೆದಿಡುವುದು ಪ್ರತಿಯೊಬ್ಬ ಸಂಶೋಧಕನಿಗೂ ಪ್ರತಿಯೊಂದು ಗ್ರಂಥಾಲಯಕ್ಕೂ ಇಂದೇ ಸಾಧ್ಯವಿರುವ ಕೆಲಸವಾಗಿದೆ.